ಭಾಗೀರಥಿ ಉರ್ಫ್ ಸುಮನ

ಬೀದರ
೪ ನವೆಂಬರ್ ೨೦೨೪

ತಮ್ಮ ಧಮ್ಮಪಾಲನಿಗೆ ಅಕ್ಕನ ಜೈಭೀಮ.

ನೀನು ಫೋನು ಎತ್ತುವುದಿಲ್ಲ. ಎತ್ತಿದರೂ ‘ಕೇಳಸವಲ್ದು’ ಅಂತ ನಿನ್ನ ಹೆಂಡತಿ ಕರುಣಾಳ ಕೈಗೆ ಕೊಡುತ್ತೀ. ಆಕೆ ಪಾಪ, ಚಹಾ ಆಯಿತೇ, ಊಟ ಆಯಿತೇ ಎಂದು ಎರಡೆರಡು ಸಲ ಕೇಳಿ ಇಡುತ್ತಾಳೆ. ಮೂವತ್ತು ವರ್ಷ ಸೀಟಿ ಊದಿದ ಡ್ರಿಲ್ ಮಾಸ್ತರನಿಗೆ ಕಿವಿ ಮಂದವಾಗಿದೆ ಎಂದರೆ ನಂಬುತ್ತೇನೆ. ಓದಲು ಬರುವುದಿಲ್ಲ ಎಂದರೆ ನಂಬುವುದಿಲ್ಲ. ಅದಕ್ಕೇ ಕಾಗದ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ಇದನ್ನು ನೀನು ಔರಾದದ ಕಂದಾಯ ಕಚೇರಿಯ ತಲಾಠಿಗೆ ತೋರಿಸಬೇಕಾಗಬಹುದು. ನಾನು ಈಗ ಬ್ರಿಟಿಷ್ ಪ್ರಜೆ. ಲೆಸ್ಟರಿನ ಆಸ್ಪತ್ರೆಯಲ್ಲಿ ಇಪ್ಪತ್ತಮೂರು ವರ್ಷ ನರ್ಸ್ ಆಗಿದ್ದು ನಿವೃತ್ತಳಾದೆ. ಸೆಪ್ಟೆಂಬರ್ ಹದಿನಾರಕ್ಕೆ ಪ್ರವಾಸಿ ವೀಸಾದ ಮೇಲೆ ಇಲ್ಲಿಗೆ ಬಂದೆ. ನೂರಾ ಎಂಬತ್ತು ದಿನ ಮುಗಿಯುವುದರೊಳಗೆ, ಅಂದರೆ ಮಾರ್ಚ್ ಹದಿನಾಲ್ಕರೊಳಗೆ ದೇಶ ಬಿಡಬೇಕು. ಕೊನೆತನಕ ಇಲ್ಲೇ ಇರಬೇಕೆಂದರೆ ಭಾರತ ಮೂಲದ ಪರದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡು ಬೇಕು. ಪ್ರವಾಸಿ ವೀಸಾದ ಮೇಲೆ ಇಲ್ಲಿಂದ ಅದಕ್ಕೆ ಅರ್ಜಿ ಹಾಕಲು ಬರುವುದಿಲ್ಲ. ಕಾಗದಪತ್ರ ಕೂಡಿಸಿಕೊಂಡು ಹೋಗಿ ಅಲ್ಲಿಂದಲೇ ಹಾಕಬೇಕು.

ನನ್ನ ಹಳೆಯ ಭಾರತದ ಪಾಸ್‌ಪೋರ್ಟು ಮನೆ ಬದಲಿಸುವಾಗ ಕಳೆದುಹೋಯಿತು, ಅದು ನನ್ನದೇ ಬೇಜವಾಬ್ದಾರಿ. ಈಗ ನಾನು ಇಲ್ಲಿ ಹುಟ್ಟಿದವಳು ಎಂಬುದಕ್ಕೆ ಔರಾದ ತಾಲೂಕಿನ ನಮ್ಮೂರ ಸಾಲೆಯ ದಾಖಲೆ ಒಂದೇ ಇದೆ. ಅದರಲ್ಲಿ ನಾನು ‘ಭಾಗೀರಥಿ, ತಂದೆ ನರಸಿಂಗ’. ಉದಗೀರದಲ್ಲಿ ಮದುವೆಯಾದಾಗ ಅತ್ತೆಮನೆಯವರು ತಾಟಿನ ಅಕ್ಕಿಯಲ್ಲಿ ಉಂಗುರದಿಂದ ‘ಸುಮನ’ ಎಂದು ಬರೆದರು, ಅಂದಿನಿಂದ ಸುಮನ. ಯಜಮಾನರು ತೀರಿಕೊಂಡ ಮೇಲೂ, ನರ್ಸಿಂಗ್ ಕಲಿತಾಗಲೂ, ಕುವೈತಿಗೆ ಹೋದಾಗಲೂ ಅದೇ ಹೆಸರು. ಭಾಗೀರಥಿಯೂ ಸುಮನಳೂ ಒಬ್ಬಳೇ ಎಂದು ಯಾರು ಹೇಳಬೇಕು ಎಂದು ಅಲ್ಲಿನ ಅರ್ಜಿ ಕೇಂದ್ರದವರು ಎರಡು ಸಲ ಕೇಳಿ ಎರಡು ಸಲವೂ ಅರ್ಜಿ ವಾಪಸ್ ಕಳಿಸಿದರು.

ವಂಶಾವಳಿ ಹೇಳುತ್ತದೆ. ಅಪ್ಪನ ಮಕ್ಕಳ ಹೆಸರಿನಲ್ಲಿ ‘ಭಾಗೀರಥಿ ಉರ್ಫ್ ಸುಮನ’ ಎಂದು ಬರೆದು ತಹಶೀಲ್ದಾರರ ಸಹಿಯಾದರೆ ನನ್ನ ಕೆಲಸ ಮುಗಿಯಿತು. ಮನೆಯಲ್ಲಿ ಗಂಡುಮಗ ನೀನೊಬ್ಬನೇ. ಅರ್ಜಿ, ಅಫಿಡವಿಟ್ಟು ನಿನ್ನದೇ ಆಗಬೇಕು. ಹದಿನೈದು ದಿನದ ಕೆಲಸ ಅಂತಾರೆ.

ಚೌಬಾರಾದ ಹತ್ತಿರ ಖತೀಜಾ ಬೇಗಂ ಎಂಬ ನಿವೃತ್ತ ಟೀಚರಮ್ಮನ ಮಾಳಿಗೆಯ ಖೋಲಿಯಲ್ಲಿದ್ದೇನೆ. ಪರದೇಶದವರನ್ನು ಇಟ್ಟುಕೊಂಡರೆ ಪೊಲೀಸರಿಗೆ ಫಾರ್ಮು ತುಂಬಿ ಕಳಿಸಬೇಕಂತೆ. ಆಕೆ ಮೊಬೈಲು ಹಿಡಿದು ಬಹಳ ಹೊತ್ತು ಕೂತಿದ್ದರು. ಔರಾದ ಸೀಮೆಯಲ್ಲಿ ಹುಟ್ಟಿದವಳನ್ನು ಪರದೇಸಿ ಎಂದು ಬರೆಯಲು ಬೆರಳು ಏಳುತ್ತಿಲ್ಲ ಎಂದರು. ಕಾನೂನು, ಬರೆಯಿರಿ ಎಂದು ನಾನೇ ಹೇಳಿದೆ.

ಇಂತಿ ನಿನ್ನ ಅಕ್ಕ,
ಸುಮನ


ಭಾಲ್ಕಿ
೧೯ ನವೆಂಬರ್ ೨೦೨೪

ಪೂಜ್ಯ ಅಕ್ಕನವರಿಗೆ ಧಮ್ಮಪಾಲನ ವಂದನೆಗಳು.

ತಮ್ಮ ಕಾಗದ ಮುಟ್ಟಿತು. ನಾವೆಲ್ಲ ಕ್ಷೇಮ. ವಂಶಾವಳಿಯ ಬಗ್ಗೆ ವಿಚಾರಿಸಿದ್ದೇನೆ. ಸದ್ಯ ತಲಾಠಿಯವರ ಬದಲಿ ಆಗಿದೆ, ಹೊಸಬರು ಇನ್ನೂ ಚಾರ್ಜು ತೆಗೆದುಕೊಂಡಿಲ್ಲ. ಸರ್ವರ್ ಸಮಸ್ಯೆಯೂ ಇದೆಯಂತೆ. ತಾವು ಚಿಂತಿಸಬಾರದು. ಕಬ್ಬಿನ ಸೀಜನ್ನು ಶುರುವಾಗಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ, ಬಸ್ಸು ಬಹಳ ತಡ. ತಾವು ಇಷ್ಟು ದೂರ ಬರುವ ತೊಂದರೆ ತೆಗೆದುಕೊಳ್ಳುವುದು ಬೇಡ.

ತಮ್ಮ ವಿಧೇಯ,
ಧಮ್ಮಪಾಲ


ಬೀದರ
೨೪ ನವೆಂಬರ್ ೨೦೨೪

ತಮ್ಮ,

ನಾನು ಯಾವಾಗಿನಿಂದ ‘ತಾವು’ ಆದೆ? ಹೊಲಕ್ಕೆ ಹೋಗುವಾಗ ನಡೆಯಲೊಲ್ಲೆ ಎಂದು ನನ್ನ ಸೊಂಟ ಬಿಡದೆ ಕೂತವನು ನೀನು. ಬೀದರದಿಂದ ಭಾಲ್ಕಿಗೆ ಬರುವುದು ತೊಂದರೆ ಎನ್ನುತ್ತೀಯಲ್ಲ, ನಾನು ಲೆಸ್ಟರಿನಿಂದ ಬಂದಿದ್ದೇನೆ.

ಇಷ್ಟು ಗಡಿಬಿಡಿ ಯಾಕೆ, ಅಲ್ಲಿ ಪಿಂಚಣಿ ಇದೆ, ದವಾಖಾನೆ ಇದೆ ಎಂದು ಕರುಣಾ ಫೋನಿನಲ್ಲಿ ಕೇಳಿದಳು. ಅದು ನಿನ್ನ ಪ್ರಶ್ನೆ, ಆಕೆಯ ಬಾಯಲ್ಲಿ ಬಂತು ಅಷ್ಟೇ. ಉತ್ತರ ನಿನಗೇ ಹೇಳುತ್ತೇನೆ. ನಾನು ಇದ್ದದ್ದು ಮುದುಕರ ವಾರ್ಡಿನಲ್ಲಿ. ಮರೆವು ಹೆಚ್ಚಾದಾಗ ಮನುಷ್ಯ ಕೊನೆಗೆ ಕಲಿತ ಭಾಷೆಯನ್ನು ಮೊದಲು ಕಳೆದುಕೊಳ್ಳುತ್ತಾನೆ. ಐವತ್ತು ವರ್ಷ ಇಂಗ್ಲಿಷಿನಲ್ಲಿ ಬಾಳಿದ ಒಬ್ಬ ಪೋಲೆಂಡಿನ ಅಜ್ಜ ಎರಡು ದಿನ ಒಂದೇ ಮಾತು ಕೇಳುತ್ತಿದ್ದ. ನೀರು ಕೊಟ್ಟೆವು, ಕಂಬಳಿ ಕೊಟ್ಟೆವು, ಮಗ್ಗುಲು ಬದಲಿಸಿದೆವು. ಅದಲ್ಲ, ಅದಲ್ಲ ಎಂದು ತಲೆಯಾಡಿಸುತ್ತಲೇ ತೀರಿಕೊಂಡ. ಅವನು ಏನು ಕೇಳಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಅರವತ್ತೇಳು. ತಲೆ ನೆಟ್ಟಗಿರುವಾಗಲೇ ಜಾಗ ಮಾಡಿಕೊಳ್ಳಬೇಕು. ನಾನು ‘ಜರಾ ನೀರ್ ಕೊಡ್ರಿ’ ಅಂದರೆ ತಿಳಿಯುವವರ ನಡುವೆ ಇರಬೇಕು. ಇದಕ್ಕಿಂತ ದೊಡ್ಡ ಆಸೆ ನನಗಿಲ್ಲ, ಇದನ್ನು ಬಿಡುವವಳೂ ನಾನಲ್ಲ.

ತಲಾಠಿ ಚಾರ್ಜು ತೆಗೆದುಕೊಂಡ ದಿನ ತಿಳಿಸು.

ಅಕ್ಕ


ಭಾಲ್ಕಿ
೨೦ ಡಿಸೆಂಬರ್ ೨೦೨೪

ಪೂಜ್ಯ ಅಕ್ಕನವರಿಗೆ ವಂದನೆಗಳು.

ಕೆಲಸ ಇನ್ನೂ ಆಗಿಲ್ಲ, ಕ್ಷಮೆಯಿರಲಿ. ನನ್ನದೊಂದು ಸೂಚನೆ. ವರ್ಷದಲ್ಲಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇದ್ದರೆ ಹೇಗೆ? ಅಲ್ಲಿನ ಬೇಸಿಗೆ ಚೆನ್ನಾಗಿರುತ್ತದೆ ಎಂದು ಕೇಳಿದ್ದೇನೆ. ಅದು ಬೇಡವಾದರೆ ಇಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ, ಯಾವ ಹೆಸರಿನಲ್ಲಿ ಬೇಕೋ ಆ ಹೆಸರಿನಲ್ಲಿ ಜನನ ಪ್ರಮಾಣಪತ್ರ ಮಾಡಿಸಿ ಕೊಡುತ್ತಾರೆ. ವಂಶಾವಳಿಯ ಗೋಜೇ ಬೇಡ.

ತಮ್ಮ ವಿಧೇಯ,
ಧಮ್ಮಪಾಲ


ಬೀದರ
೯ ಜನವರಿ ೨೦೨೫

ಧಮ್ಮಪಾಲ,

ನಿನ್ನೆ ಔರಾದಕ್ಕೆ ಹೋಗಿದ್ದೆ. ಸುಳ್ಳು ಜನನ ಪತ್ರ ಮಾಡಿಸು ಎಂದು ನೀನು ಬರೆದಾಗಲೇ ಏನೋ ಇದೆ ಎನಿಸಿತ್ತು. ಸಾಲೆಯಲ್ಲಿ ಹುಡುಗರ ಕೈಯಲ್ಲಿ ನಕಲು ಚೀಟಿ ಸಿಕ್ಕರೆ ನೀನು ಗ್ರೌಂಡು ಸುತ್ತಿಸುತ್ತಿದ್ದೆಯಂತೆ.

ಖತೀಜಾ ಬೇಗಂ ಜೊತೆಗೆ ಬಂದಿದ್ದರು. ತಲಾಠಿ ಚಾರ್ಜು ತೆಗೆದುಕೊಂಡು ಎರಡು ತಿಂಗಳಾಗಿದೆ. ಸರ್ವರ್ ಚೆನ್ನಾಗಿ ನಡೆಯುತ್ತಿದೆ. ಕೌಂಟರಿನ ಹುಡುಗಿ ಅಪ್ಪನ ಹೆಸರು, ಊರು ಕೇಳಿದಳು. ಹಿಂದೆ ಒಮ್ಮೆ ವಂಶಾವಳಿ ಆಗಿದೆ ಎಂದು ಹಳೆಯ ಫೈಲು ತರಿಸಿದಳು. ಓದಿದಳು, ನನ್ನ ಮುಖ ನೋಡಿದಳು, ಮತ್ತೆ ಓದಿದಳು.

“ಅಮ್ಮಾರ, ನರಸಿಂಗ ಅವರಿಗಿ ಹೆಣ್ಮಕ್ಕಳೇ ಇಲ್ರಿ. ನೀವು ಯಾರ್ರಿ?” ಎಂದಳು.

ಕಾಗದ ನನ್ನ ಕಡೆ ತಿರುಗಿಸಿದಳು. ೨೦೧೧ನೇ ಇಸವಿ. ಗಂಡು ಮಕ್ಕಳು: ಒಬ್ಬರು. ಹೆಣ್ಣು ಮಕ್ಕಳು: ಇಲ್ಲ. ಕೆಳಗೆ ನಿನ್ನ ಸಹಿ, ನೀಟಾಗಿ. ಆ ವರ್ಷವೇ ನೀನು ಅಪ್ಪನ ಹೊಲವನ್ನು ನಮ್ಮೂರಿನ ಶಿವರಾಜಪ್ಪನವರಿಗೆ ಮಾರಿದೆ ಎಂಬುದು ನನಗೆ ಗೊತ್ತು. ಅಪ್ಪನ ಹೊಲ, ನಿನ್ನ ಸಂಸಾರ, ಮಾರಿಕೊಂಡಿದ್ದೀ ಎಂದು ಸುಮ್ಮನಿದ್ದೆ. ನಾನು ಹುಟ್ಟೇ ಇಲ್ಲ ಎಂದು ಬರೆದುಕೊಟ್ಟು ಮಾರಿದ್ದೀ ಎಂದು ಗೊತ್ತಿರಲಿಲ್ಲ.

ನನಗೆ ಬಹಳ ದುಃಖವಾಯಿತು. ಸಿಟ್ಟು ಆಮೇಲೆ ಬಂತು, ಬಸ್ಸು ಸಂತಪುರ ದಾಟಿದ ಮೇಲೆ. ಖತೀಜಾ ಬೇಗಂ ತಮ್ಮ ಚೀಲದಿಂದ ಒಂದು ಪೇರಲಹಣ್ಣು ತೆಗೆದು ಅರ್ಧ ನನಗೆ ಕೊಟ್ಟರು, ತಿಂದೆ.

ನಿನ್ನನ್ನು ಸಾಲೆಗೆ ಹಾಕಿದವರು ಯಾರು, ನೆನಪಿದೆಯೇ? ಅಪ್ಪ ಹೊಲದಲ್ಲಿದ್ದ, ಅವ್ವನಿಗೆ ಜ್ವರ. ಒಂಬತ್ತು ವರ್ಷದ ನಾನು ಕೈ ಹಿಡಿದು ಕರಕೊಂಡು ಹೋದೆ. ಹೆಸರೇನು ಎಂದು ದೊಡ್ಡ ಮಾಸ್ತರರು ಕೇಳಿದಾಗ ನೀನು ಅಳುತ್ತಿದ್ದೆ. ನಾನೇ ಹೇಳಿ ಬರೆಸಿದೆ. ಇದನ್ನು ಹಂಗಿಸಲು ಬರೆಯುತ್ತಿಲ್ಲ. ಹಂಗಿಸಲೇ ಬರೆಯುತ್ತಿದ್ದೇನೆ.

ಈಗ ಕೇಳು. ನನಗೆ ಹೊಲ ಬೇಡ. ವಂಶಾವಳಿ ತಿದ್ದಬೇಕು, ತಿದ್ದುವ ಅರ್ಜಿ ನಿನ್ನದೇ ಆಗಬೇಕು. ಅರವತ್ತನಾಲ್ಕು ದಿನ ಉಳಿದಿವೆ.

ಸುಮನ


ಬೀದರ
೨ ಫೆಬ್ರವರಿ ೨೦೨೫

ತಮ್ಮ,

ನಿನ್ನ ಉತ್ತರ ಬರಲಿಲ್ಲ, ಕರುಣಾ ಬಂದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ನೀನು ಕಳಿಸಿದ್ದಲ್ಲವಂತೆ. ನೀನು ಊಟ ಬಿಟ್ಟಿದ್ದೀ, ರಕ್ತದೊತ್ತಡ ಏರಿದೆ ಎಂದಳು. ಗುಳಿಗೆಯ ಹೆಸರು ಕೇಳಿ, ಯಾವ ಹೊತ್ತಿಗೆ ಕೊಡಬೇಕೆಂದು ಬರೆದುಕೊಟ್ಟೆ. ಸಿಟ್ಟು ಬೇರೆ, ಬಿಪಿ ಬೇರೆ.

ಆಕೆ ಹೇಳಿದ್ದಿಷ್ಟು. ಈಗ ವಂಶಾವಳಿ ತಿದ್ದಿದರೆ ಶಿವರಾಜಪ್ಪನವರು ಖರೀದಿಯೇ ಸುಳ್ಳಾಯಿತೆಂದು ಕೋರ್ಟಿಗೆ ಎಳೆಯುತ್ತಾರೆಂಬ ಹೆದರಿಕೆ ನಿನಗೆ. ನಾನು ಇಲ್ಲಿ ಒಬ್ಬ ವಕೀಲರನ್ನು ಕಂಡೆ. ಹೊಲದ ಮೇಲಿನ ನನ್ನ ಹಕ್ಕು ಬಿಟ್ಟೆನೆಂದು ಶಿವರಾಜಪ್ಪನವರಿಗೆ ಇವತ್ತೇ ಬರೆದುಕೊಡುತ್ತೇನೆ ಎಂದೆ. ಅವರು ೨೦೧೧ರ ವಂಶಾವಳಿ ನೋಡಿ ನಕ್ಕರು. ಮಗಳೇ ಅಲ್ಲದವಳು ಯಾವ ಹಕ್ಕು ಬಿಡುತ್ತಾಳೆ ಎಂದರು. ಮೊದಲು ನಾನು ಮಗಳಾಗಬೇಕು, ಆಮೇಲೆ ಬಿಡಬೇಕು. ಅಂದರೆ ನನ್ನ ಹೆಸರು ಸೇರಿದರೆ ಶಿವರಾಜಪ್ಪನವರಿಗೂ ನಷ್ಟವಿಲ್ಲ. ಅವರು ನಂಬಿ ಕೊಂಡವರು, ಅವರ ಮನೆಗೆ ಕೇಡು ಬಗೆಯುವವಳಲ್ಲ ನಾನು.

ಹಾಗಾದರೆ ಉಳಿದದ್ದು ಒಂದೇ. ನೀನು ಹೋಗಿ, ನಾನು ಸುಳ್ಳು ಬರೆಸಿದ್ದೆ ಎಂದು ಹೇಳಬೇಕು. ಅದನ್ನು ನಿನ್ನ ಬದಲು ನಾನು ಹೇಳಲಾಗುವುದಿಲ್ಲ, ಹೇಳುವ ಹಾಗಿದ್ದರೆ ಹೇಳಿಬಿಡುತ್ತಿದ್ದೆ.

ಅಕ್ಕ


ಭಾಲ್ಕಿ
೧೮ ಫೆಬ್ರವರಿ ೨೦೨೫

ಅಕ್ಕ,

ಎಷ್ಟೋ ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆಗ ಇದ್ದ ತಲಾಠಿ ತೀರಿಹೋದ, ಅವನ ಮೇಲೆ ಹಾಕಿ ಪಾರಾಗಬಹುದು. ಅವನು ಹೇಳಿದ್ದು ನಿಜ, ಅಕ್ಕತಂಗಿಯರ ಹೆಸರು ಯಾರೂ ಬರೆಸುವುದಿಲ್ಲ, ಬರೆಸಿದರೆ ಎಲ್ಲರ ಸಹಿ ತರಬೇಕಾಗುತ್ತದೆ ಎಂದ. ನಿನ್ನ ಸಹಿ ತರಿಸಬೇಕೆಂದರೆ ವಿಲಾಯತಿಗೆ ಕಾಗದ ಕಳಿಸಬೇಕು, ಶಿವರಾಜಪ್ಪ ಕಾಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ನೆಪ. ಕೇಳಿದ್ದರೆ ನೀನು ಮರುದಿನವೇ ಸಹಿ ಹಾಕಿ ಕಳಿಸುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಕೇಳಲು ನಾಚಿಕೆಯಾಯಿತು. ಚಿಕ್ಕಂದಿನಿಂದ ನಿನ್ನನ್ನು ಕೇಳುತ್ತಲೇ ಬೆಳೆದವನು. ಒಂದಾದರೂ ಕೆಲಸ ನಿನ್ನನ್ನು ಕೇಳದೆ ಮಾಡಬೇಕೆನಿಸಿತು, ಮಾಡಿದ್ದು ಇದು. ‘ಹೆಣ್ಣು ಮಕ್ಕಳು’ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಅವನು ಕೇಳಿದ. ‘ಇಲ್ಲ ಬರಿರಿ’ ಎಂದವನು ನಾನೇ.

ನನಗೆ ಊರಲ್ಲಿ ಗುರುಗಳು ಅಂತಾರೆ. ಹಳೆಯ ವಿದ್ಯಾರ್ಥಿಗಳು ಮೋಟಾರ್ ಸೈಕಲ್ ನಿಲ್ಲಿಸಿ ಕಾಲಿಗೆ ಬೀಳುತ್ತಾರೆ. ಅವರಲ್ಲಿ ಇಬ್ಬರು ಔರಾದದ ತಹಶೀಲಿನಲ್ಲೇ ಇದ್ದಾರೆ. ಅವರ ಮುಂದೆ ನಿಂತು ಸುಳ್ಳು ಪ್ರಮಾಣ ಮಾಡಿದ್ದೆ ಎನ್ನಲು ನನ್ನಿಂದ ಆಗುವುದಿಲ್ಲ ಅಕ್ಕ. ನೀನು ಗಟ್ಟಿ, ನಾನಲ್ಲ.

ಧಮ್ಮಪಾಲ


ಬೀದರ
೧೨ ಮಾರ್ಚ್ ೨೦೨೫

ತಮ್ಮ,

ನಾಳೆ ಹೈದರಾಬಾದಿನಿಂದ ವಿಮಾನ. ಒಂದು ದಿನ ಮೀರಿದರೂ ಮುಂದಿನ ವೀಸಾಕ್ಕೆ ಕುತ್ತು, ಅದಕ್ಕೇ ಒಂದು ದಿನ ಮೊದಲೇ ಹೋಗುತ್ತಿದ್ದೇನೆ.

ನಿನ್ನ ಕಾಗದ ಓದಿದೆ. ನಿಜ ಬರೆದದ್ದಕ್ಕೆ ಸಂತೋಷ. ಆದರೆ ನಿಜವನ್ನು ನನಗೆ ಬರೆದರೆ ಏನು ಬಂತು? ನನಗದು ಮೊದಲೇ ಗೊತ್ತು. ಗೊತ್ತಾಗಬೇಕಾದದ್ದು ಸರಕಾರಕ್ಕೆ.

ತಮ್ಮನ ಮೇಲೆ ಕೇಸು ಹಾಕಿರಿ, ತಾನೇ ದಾರಿಗೆ ಬರುತ್ತಾನೆ ಎಂದು ವಕೀಲರು ಹೇಳಿದರು. ಹಾಕುವುದಿಲ್ಲ. ಕೋರ್ಟು ಬರೆಸಿದರೆ ಅದು ಕೋರ್ಟು ಒಪ್ಪಿದ ಅಕ್ಕ. ನನಗೆ ನೀನು ಒಪ್ಪಬೇಕು.

ಖೋಲಿಯ ಕೀಲಿ ಕೊಡಲು ಹೋದರೆ ಖತೀಜಾ ಬೇಗಂ ತೆಗೆದುಕೊಳ್ಳಲಿಲ್ಲ, ಬೇರೆಯವರಿಗೆ ಬಾಡಿಗೆ ಕೊಡುವುದಿಲ್ಲವಂತೆ. ಸೆಪ್ಟೆಂಬರಿನಲ್ಲಿ ಮತ್ತೆ ಬರುತ್ತೇನೆ, ಕಾರ್ಡು ಇದ್ದರೆ ಕಾರ್ಡಿನ ಮೇಲೆ, ಇಲ್ಲದಿದ್ದರೆ ಮತ್ತೆ ಆರು ತಿಂಗಳ ಅತಿಥಿಯಾಗಿ. ಕಾಲಲ್ಲಿ ಕಸುವು ಇರುವ ತನಕ ವರ್ಷ ವರ್ಷ ಬಂದು ಕೇಳುತ್ತೇನೆ.

ನಿನ್ನ ಗುಳಿಗೆ ತಪ್ಪಿಸಬೇಡ.

ಅಕ್ಕ


ಭಾಲ್ಕಿ
೨೭ ಏಪ್ರಿಲ್ ೨೦೨೫

ಅಕ್ಕ,

ಇದನ್ನು ರಜಿಸ್ಟರ್ ಅಂಚೆಯಲ್ಲಿ ಹಾಕುತ್ತಿದ್ದೇನೆ. ಜೊತೆಗಿರುವ ಕಾಗದವನ್ನು ಆಮೇಲೆ ನೋಡು, ಮೊದಲು ಇದನ್ನು ಓದು.

ಹದಿನಾಲ್ಕನೇ ತಾರೀಖು ಬಾಬಾಸಾಹೇಬರ ಜಯಂತಿ. ಪ್ರತಿವರ್ಷ ಭಾಲ್ಕಿಯಲ್ಲಿ ಮೆರವಣಿಗೆಯ ಹುಡುಗರ ಸಾಲು ಹಚ್ಚುವವನು ನಾನೇ. ಈ ಸಲ ಭಾಷಣವನ್ನೂ ನನಗೇ ಕೊಟ್ಟರು. ವಿಷಯ, ಹೆಣ್ಣುಮಕ್ಕಳಿಗೆ ಸಮಪಾಲು. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಮುಂದಿನ ಸಾಲಿನಲ್ಲಿ ಹೈಸ್ಕೂಲಿನ ಹುಡುಗಿಯರು ಬರೆದುಕೊಳ್ಳಲೆಂದು ವಹಿ ತೆರೆದು ಕೂತಿದ್ದರು. ನಾನು ಅಂದದ್ದನ್ನೆಲ್ಲ ಇವರು ಬರೆದುಕೊಳ್ಳುತ್ತಾರೆ ಎಂದು ತಿಳಿದ ಕೂಡಲೇ ಆ ಪುಟಗಳನ್ನು ಮಡಿಚಿ ಜೇಬಿಗೆ ಹಾಕಿದೆ. ಎರಡು ಮಾತಾಡಿ, ತಲೆ ತಿರುಗುತ್ತಿದೆ ಎಂದು ಕೂತುಬಿಟ್ಟೆ. ಬಿಸಿಲಿಗೆ ಹಾಗಾಯಿತು ಎಂದು ಜನ ನೀರು ಕೊಟ್ಟರು. ಕರುಣಾ ಮಾತ್ರ ನೀರು ಕೊಡಲಿಲ್ಲ, ನನ್ನನ್ನೇ ನೋಡುತ್ತ ನಿಂತಿದ್ದಳು.

ಮರುದಿನ ಔರಾದ ಬಸ್ಸು ಹತ್ತಿದೆ. ತಹಶೀಲಿನಲ್ಲಿ ಹಳೆಯ ವಿದ್ಯಾರ್ಥಿ ಎದ್ದು ಕುರ್ಚಿ ಕೊಟ್ಟ. ಕೂತರೆ ಹೇಳಲಾಗುವುದಿಲ್ಲ ಎಂದು ನಿಂತೇ ಹೇಳಿದೆ. ಸುಳ್ಳು ಅಫಿಡವಿಟ್ಟಿಗೆ ನೋಟಿಸು ಬರಬಹುದು ಗುರುಗಳೇ, ಇನ್ನೊಮ್ಮೆ ವಿಚಾರ ಮಾಡಿರಿ ಎಂದ. ಹದಿನಾಲ್ಕು ವರ್ಷ ವಿಚಾರ ಮಾಡಿದ್ದೇನೆ ಎಂದೆ.

ಇಪ್ಪತ್ತೆರಡಕ್ಕೆ ತಲಾಠಿ ನಮ್ಮೂರಿಗೆ ಪಂಚನಾಮೆಗೆ ಬಂದರು. ಪಂಚಾಯಿತಿಯ ಮುಂದೆ ಹತ್ತಿಪ್ಪತ್ತು ಜನ. ಶಿವರಾಜಪ್ಪನವರಿಗೆ ಹಿಂದಿನ ದಿನವೇ ಮನೆಗೆ ಹೋಗಿ ಎಲ್ಲ ಹೇಳಿದ್ದೆ. ಅವರು ಕೆಟ್ಟದಾಗಿ ಬೈದರು, ಬೈಸಿಕೊಂಡೆ. ಆದರೂ ಬಂದಿದ್ದರು. ನರಸಿಂಗನಿಗೆ ಮಕ್ಕಳೆಷ್ಟು ಎಂದು ತಲಾಠಿ ಎಲ್ಲರನ್ನೂ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು.

“ಇಬ್ಬರು ಅದೇವ್ರಿ. ಮೊದಲ್ನೇಕಿ ನಮ್ಮ ಅಕ್ಕ, ಭಾಗೀರಥಿ. ಮದಿವ್ಯಾದ ಮ್ಯಾಲ ಸುಮನ ಅಂತ ಹೆಸರಿಟ್ಟಾರ. ನಾನೇ ಬರಸಿದ್ದಿಲ್ರಿ, ತಪ್ಪ ನಂದು” ಎಂದೆ.

ದನಿ ಸಣ್ಣದಾಗಿತ್ತೇನೋ, ಇನ್ನೊಮ್ಮೆ ಹೇಳ್ರಿ ಎಂದರು. ಗ್ರೌಂಡಿನಲ್ಲಿ ಕೂಗುವ ಹಾಗೆ ಕೂಗಿ ಹೇಳಿದೆ. ಆಗ ಶಿವರಾಜಪ್ಪನವರು, “ಆಕಿ ನಮ್ಮ ಅವ್ವನ ಕೈಯಾಗ ಅಕ್ಷರ ತಿದ್ದಿದಾಕಿ, ನನಗ ಗೊತ್ತದ” ಎಂದು ಪೆನ್ನು ಕೇಳಿ ಸಾಕ್ಷಿಗೆ ಮೊದಲ ಸಹಿ ಹಾಕಿದರು. ಹಕ್ಕು ಬಿಟ್ಟ ಪತ್ರದ ಮಾತು ಮರೆಯಬೇಡ ಎಂದು ನಿನಗೆ ತಿಳಿಸಲು ಹೇಳಿದ್ದಾರೆ.

ಜೊತೆಗಿರುವ ಕಾಗದ ತಹಶೀಲ್ದಾರರ ಸಹಿಯಾದ ಹೊಸ ವಂಶಾವಳಿ. ನನಗೆ ನೋಟಿಸು ಬಂದಿದೆ. ತಪ್ಪು ಒಪ್ಪಿ ಉತ್ತರ ಬರೆದುಕೊಟ್ಟಿದ್ದೇನೆ. ಮುಂದೇನಾಗುವುದೋ ಗೊತ್ತಿಲ್ಲ, ಹೆದರಿಕೆ ಇದೆ. ಆದರೆ ಊಟ ಸೇರುತ್ತಿದೆ.

ಧಮ್ಮಪಾಲ


ಲೆಸ್ಟರ್
೩೦ ಆಗಸ್ಟ್ ೨೦೨೫

ತಮ್ಮ,

ಕಾರ್ಡು ಬಂತು. ನಾಲ್ಕು ತಿಂಗಳು ಹಿಡಿಯಿತು, ನಡುವೆ ಎರಡು ಸಲ ಪ್ರಶ್ನೆ ಕೇಳಿದರು. ಎರಡು ಸಲವೂ ನೀನು ಕಳಿಸಿದ ಕಾಗದವನ್ನೇ ಮುಂದಿಟ್ಟೆ. ಕೊನೆಗೆ ಒಪ್ಪಿಕೊಂಡರು.

ಇಲ್ಲಿನ ಮನೆ ಖಾಲಿ ಮಾಡಿದೆ. ಎರಡು ಸೂಟ್‌ಕೇಸು ಆಗಿವೆ. ಅಂಚೆಗಿಂತ ಮೊದಲು ನಾನೇ ಬಂದೇನು, ಅದಕ್ಕೇ ಈ ಕಾಗದದ ಫೋಟೋ ಕರುಣಾಳ ಮೊಬೈಲಿಗೆ ಕಳಿಸುತ್ತಿದ್ದೇನೆ. ಮಂಗಳವಾರ ಬೀದರಕ್ಕೆ ಇಳಿಯುತ್ತೇನೆ, ಬುಧವಾರ ಶಿವರಾಜಪ್ಪನವರ ಪತ್ರಕ್ಕೆ ಸಹಿ ಹಾಕುತ್ತೇನೆ. ನಿನ್ನ ನೋಟಿಸಿನ ತಾರೀಖು ಹನ್ನೊಂದಕ್ಕೆ ಎಂದು ಕರುಣಾ ಹೇಳಿದಳು. ಆ ದಿನ ನಿನ್ನ ಜೊತೆ ನಾನೂ ನಿಲ್ಲುತ್ತೇನೆ. ಯಾರು ಇವರು ಎಂದು ಕೇಳಿದರೆ ಹೇಳಲು ಈಗ ನಮ್ಮ ಹತ್ತಿರ ಕಾಗದ ಇದೆ.

ಒಂದು ಮಾತು ತಿಳಿದಿರಲಿ. ನಿನ್ನ ಮೇಲಿನ ಸಿಟ್ಟು ನನಗೆ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಅದೂ ಸುಳ್ಳು ಪ್ರಮಾಣವೇ ಆದೀತು. ಸಮುದ್ರದಾಚೆ ಕೂತು ಸಿಟ್ಟು ಮಾಡಿ ನನಗೆ ಸಾಕಾಗಿದೆ ತಮ್ಮ. ಇನ್ನು ಮೇಲೆ ನಿನ್ನ ಎದುರು ಕೂತು ಮಾಡುತ್ತೇನೆ, ಈ ಕಾರ್ಡಿನ ಮೇಲೆ ಎಷ್ಟು ವರ್ಷ ಬೇಕಾದರೂ ಮಾಡಬಹುದಂತೆ.

ನಿನ್ನ ಅಕ್ಕ,
ಭಾಗೀರಥಿ